ಮಲೆನಾಡಿನ ಮತ, ದೆಹಲಿಯ ಬಹುಮತ

ಪ್ರಜಾಪ್ರಭುತ್ವದಲ್ಲಿ ಪ್ರಜೆಯೇ ಪ್ರಭು ಎಂಬ ಮಾತನ್ನು ಶಾಲೆಯ ಪೌರನೀತಿಯ ಪುಸ್ತಕದಲ್ಲಿ ಎಲ್ಲರೂ ಓದಿರುತ್ತಾರೆ. ಅದೇ ಪುಸ್ತಕದ ಮುಂದಿನ ಪಾಠದಲ್ಲಿ ಪಾರ್ಲಿಮೆಂಟು ದೇಶದ ಅತ್ಯುಚ್ಚ ಶಾಸನಸಭೆ ಎಂಬ ಮಾತೂ ಇರುತ್ತದೆ. ಎರಡು ಮಾತುಗಳೂ ನಿಜವೇ. ಆದರೆ ಪ್ರಜೆಗಳು ಒಂದು ಬಗೆದು ಪಾರ್ಲಿಮೆಂಟು ಇನ್ನೊಂದು ಬಗೆದರೆ ಯಾರ ಮಾತು ನಡೆಯಬೇಕು? ಪರೀಕ್ಷೆಯಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಚರಿತ್ರೆ ಮಾತ್ರ ಒಮ್ಮೊಮ್ಮೆ ಕೇಳುತ್ತದೆ. 1978ರಲ್ಲಿ ಅದು ಈ ಪ್ರಶ್ನೆಯನ್ನು ಕೇಳಿದ್ದು ಕನ್ನಡನಾಡಿನ ಕಾಫಿಯ ಬೆಟ್ಟಗಳಲ್ಲಿ.

ಆ ವರ್ಷದ ನವೆಂಬರ್ 5ರಂದು ಚಿಕ್ಕಮಗಳೂರು ಲೋಕಸಭಾ ಕ್ಷೇತ್ರದಲ್ಲಿ ಉಪಚುನಾವಣೆ ನಡೆಯಿತು. ಅಲ್ಲಿನ ಮತದಾರರು ಶ್ರೀಮತಿ ಇಂದಿರಾ ಗಾಂಧಿಯವರನ್ನು ಆರಿಸಿ ದೆಹಲಿಗೆ ಕಳುಹಿಸಿದರು. ಡಿಸೆಂಬರ್ 19ರಂದು ಲೋಕಸಭೆ ಆಕೆಯನ್ನು ಸದಸ್ಯತ್ವದಿಂದ ಉಚ್ಚಾಟಿಸಿ ಸೆರೆಮನೆಗೆ ಕಳುಹಿಸಿತು. ಮತದಾನಕ್ಕೂ ಉಚ್ಚಾಟನೆಗೂ ನಡುವೆ ಇದ್ದ ಅಂತರ 44 ದಿನ. ಜನರೂ ಕಾನೂನಿನಂತೆಯೇ ನಡೆದರು, ಸಭೆಯೂ ತನ್ನ ಅಧಿಕಾರದೊಳಗೇ ನಡೆದೆನೆಂದಿತು. ಹಾಗಿದ್ದೂ ಇಬ್ಬರ ನಡೆಗಳು ಎದುರುಬದುರಾದವು. ಇದು ಕೇವಲ ಒಬ್ಬ ನಾಯಕಿಯ ಏಳುಬೀಳಿನ ಕಥೆಯೆಂದು ನೆನೆಯುವವರೇ ಹೆಚ್ಚು. ವಾಸ್ತವವಾಗಿ ಅದು ಮತಪತ್ರಕ್ಕೆ ಎಷ್ಟು ಬೆಲೆ, ಆ ಬೆಲೆಗೆ ಎಲ್ಲಿ ಮಿತಿ ಎಂಬುದರ ಕಥೆ.

ಎರಡು ಉತ್ತರ ಕೊಟ್ಟ ದೇಶ

ಕಥೆಯ ಬೇರು 1975ರಲ್ಲಿದೆ. ಆ ವರ್ಷದ ಜೂನ್ 12ರಂದು ಅಲಹಾಬಾದ್ ಹೈಕೋರ್ಟು ರಾಯ್‌ಬರೇಲಿಯಿಂದ ಇಂದಿರಾ ಗಾಂಧಿಯವರ ಆಯ್ಕೆಯನ್ನು ಅಸಿಂಧುವೆಂದು ಸಾರಿತು. ಅದೇ ತಿಂಗಳ 25ರ ರಾತ್ರಿ ದೇಶದ ಮೇಲೆ ತುರ್ತುಪರಿಸ್ಥಿತಿ ಬಂದು ಕುಳಿತಿತು. ವಿರೋಧಪಕ್ಷಗಳ ನಾಯಕರು ಬಂಧಿತರಾದರು. ಪತ್ರಿಕೆಗಳ ಮೇಲೆ ಸೆನ್ಸಾರ್ ಬಂತು. 1976ರ ಮಾರ್ಚಿಯಲ್ಲಿ ಅವಧಿ ಮುಗಿಸಬೇಕಾಗಿದ್ದ ಲೋಕಸಭೆ ತನ್ನ ಆಯುಸ್ಸನ್ನು ತಾನೇ ಒಂದೊಂದು ವರ್ಷದಂತೆ ಎರಡು ಬಾರಿ ವಿಸ್ತರಿಸಿಕೊಂಡಿತು. ಮತದಾರನು ಐದು ವರ್ಷಕ್ಕೆಂದು ಕೊಟ್ಟ ಅಧಿಕಾರಪತ್ರವನ್ನು, ಅದನ್ನು ಪಡೆದವರೇ ತಿದ್ದಿ ಬರೆದುಕೊಂಡರು. ಬೇಲಿಯೇ ಎದ್ದು ಹೊಲ ಮೇಯ್ದಿತೆಂಬ ಗಾದೆಗೆ ಇದಕ್ಕಿಂತ ನೇರವಾದ ಉದಾಹರಣೆ ಬೇಕಿಲ್ಲ.

ಆ ದಿನಗಳ ಕಹಿ ಕನ್ನಡನಾಡಿಗೂ ತಟ್ಟದೆ ಇರಲಿಲ್ಲ. ಶೃಂಗೇರಿಯ ಕಡೆಯಲ್ಲಿ ಚಿತ್ರೀಕರಣವಾದ ‘ಸಂಸ್ಕಾರ’ ಚಿತ್ರದ ಅಭಿನೇತ್ರಿ ಸ್ನೇಹಲತಾ ರೆಡ್ಡಿಯವರು 1976ರ ಮೇ ತಿಂಗಳಲ್ಲಿ ಬಂಧಿತರಾಗಿ, ಬೆಂಗಳೂರಿನ ಸೆರೆಮನೆಯಲ್ಲಿ ಆರೋಗ್ಯ ಕಳೆದುಕೊಂಡು, 1977ರ ಜನವರಿಯಲ್ಲಿ ಪೆರೋಲಿನ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಚಿಕ್ಕಮಗಳೂರಿನ ಉಪಚುನಾವಣೆಯ ಮಾತು ಬಂದಾಗ ಈ ಹೆಸರನ್ನೂ ನೆನೆಯುವುದು ನ್ಯಾಯ.

1977ರ ಮಾರ್ಚಿ ತಿಂಗಳ ಮಹಾಚುನಾವಣೆಯಲ್ಲಿ ದೇಶ ಉತ್ತರ ಕೊಟ್ಟಿತು. ಆದರೆ ಒಂದೇ ಉತ್ತರ ಕೊಡಲಿಲ್ಲ. ಉತ್ತರಪ್ರದೇಶದಲ್ಲಿಯೂ ಬಿಹಾರದಲ್ಲಿಯೂ ಕಾಂಗ್ರೆಸ್ಸಿಗೆ ಒಂದು ಸ್ಥಾನವೂ ದಕ್ಕಲಿಲ್ಲ. ಸ್ವತಃ ಪ್ರಧಾನಿಯೇ ರಾಯ್‌ಬರೇಲಿಯಲ್ಲಿ ಶ್ರೀ ರಾಜನಾರಾಯಣರ ಎದುರು 55 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಕರ್ನಾಟಕದಲ್ಲಾದರೋ 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೇ ಬಂದವು. ಜನತಾ ಪಕ್ಷಕ್ಕೆ ಇಲ್ಲಿ ದೊರೆತದ್ದು ಹಾಸನ ಮತ್ತು ಬೆಂಗಳೂರು ದಕ್ಷಿಣ ಎರಡೇ. ಬೆಂಗಳೂರು ದಕ್ಷಿಣದಿಂದ ಗೆದ್ದವರು ಸುಪ್ರೀಂ ಕೋರ್ಟಿನ ಮಾಜಿ ನ್ಯಾಯಮೂರ್ತಿ ಶ್ರೀ ಕೆ. ಎಸ್. ಹೆಗ್ಡೆಯವರು. 1973ರಲ್ಲಿ ತಮ್ಮ ಹಿರಿತನವನ್ನು ಕಡೆಗಣಿಸಿ ಕಿರಿಯರೊಬ್ಬರನ್ನು ಮುಖ್ಯ ನ್ಯಾಯಮೂರ್ತಿಯಾಗಿ ನೇಮಿಸಿದಾಗ ಪದತ್ಯಾಗ ಮಾಡಿ ಬಂದಿದ್ದವರು. ಅವರ ಹೆಸರು ಈ ಕಥೆಯಲ್ಲಿ ಇನ್ನೊಮ್ಮೆ ಬರಲಿದೆ.

ಹೀಗೆ ತುರ್ತುಪರಿಸ್ಥಿತಿಯ ಬಗ್ಗೆ ಉತ್ತರದ ತೀರ್ಮಾನ ಒಂದು, ದಕ್ಷಿಣದ ತೀರ್ಮಾನ ಇನ್ನೊಂದು. ಎರಡೂ ಭಾರತೀಯರದೇ, ಎರಡೂ ಗುಪ್ತಮತದಾನದಿಂದಲೇ ಬಂದವು.

ಬೆಟ್ಟ ಏರಿದ ಚುನಾವಣೆ

1978ರ ಆರಂಭದಲ್ಲಿ ಕಾಂಗ್ರೆಸ್ ಒಡೆಯಿತು. ಹಸು-ಕರುವಿನ ಹಳೆಯ ಗುರುತು ಹೋಗಿ ಇಂದಿರಾ ಕಾಂಗ್ರೆಸ್ಸಿಗೆ ಹಸ್ತದ ಗುರುತು ಬಂತು. ಫೆಬ್ರವರಿಯ ವಿಧಾನಸಭಾ ಚುನಾವಣೆಯಲ್ಲಿ ಶ್ರೀ ದೇವರಾಜ ಅರಸರು ಆ ಹೊಸ ಗುರುತಿನಡಿಯಲ್ಲೇ ಭಾರಿ ಬಹುಮತ ಪಡೆದು ಮುಖ್ಯಮಂತ್ರಿಯಾದರು. ಪಾರ್ಲಿಮೆಂಟಿಗೆ ಮರಳಲು ದಾರಿ ಹುಡುಕುತ್ತಿದ್ದ ನಾಯಕಿಗೆ ಕರ್ನಾಟಕಕ್ಕಿಂತ ಸುರಕ್ಷಿತವಾದ ನೆಲ ಬೇರೆ ಕಾಣಲಿಲ್ಲ. ಮೂಡಿಗೆರೆ ತಾಲೂಕಿನ ದಾರದಹಳ್ಳಿಯವರಾದ ಶ್ರೀ ಡಿ. ಬಿ. ಚಂದ್ರೇಗೌಡರು 1971ರಲ್ಲಿಯೂ 1977ರಲ್ಲಿಯೂ ಚಿಕ್ಕಮಗಳೂರಿನಿಂದ ಗೆದ್ದಿದ್ದವರು. ಅವರು ರಾಜೀನಾಮೆ ಕೊಟ್ಟು ಸ್ಥಾನ ತೆರವು ಮಾಡಿದರು.

ಎದುರಾಳಿಯೂ ಸಾಮಾನ್ಯರಲ್ಲ. 1968ರಿಂದ 1971ರವರೆಗೆ ರಾಜ್ಯದ ಮುಖ್ಯಮಂತ್ರಿಯಾಗಿದ್ದ, ಸಜ್ಜನರೆಂದೇ ಹೆಸರಾದ ಶ್ರೀ ವೀರೇಂದ್ರ ಪಾಟೀಲರು ಜನತಾ ಪಕ್ಷದ ಅಭ್ಯರ್ಥಿಯಾಗಿ ನಿಂತರು. ಮಂಗಳೂರಿನ ಮಗನೂ ಕೇಂದ್ರ ಸಚಿವರೂ ಆಗಿದ್ದ ಶ್ರೀ ಜಾರ್ಜ್ ಫರ್ನಾಂಡಿಸರು ಅವರ ಪರವಾಗಿ ಪ್ರಚಾರದ ಮುಂಚೂಣಿಯಲ್ಲಿ ನಿಂತರು. ಅಲ್ಲಿಯವರೆಗೆ ಕಾಫಿಯ ಬೆಲೆ, ಮಳೆಯ ಅಳತೆ, ಕೊಯ್ಲಿನ ಆಳುಗಳು ಇಷ್ಟರಲ್ಲೇ ದಿನ ಕಳೆಯುತ್ತಿದ್ದ ಊರುಗಳಿಗೆ ದೆಹಲಿಯ ಮಂತ್ರಿಗಳೂ ದೇಶವಿದೇಶಗಳ ಪತ್ರಕರ್ತರೂ ಬಂದಿಳಿದರು. ಚಿಕ್ಕಮಗಳೂರು ಎಂಬ ಹೆಸರು ಹಿಂದಿಯ ಘೋಷಣೆಗಳಲ್ಲಿ ಪ್ರಾಸವಾಗಿ ಸೇರಿಹೋಯಿತು.

ಕ್ಷೇತ್ರದ ಸ್ವರೂಪವನ್ನು ಅರಿಯದೆ ಫಲಿತಾಂಶ ಅರ್ಥವಾಗದು. ಬಾಬಾಬುಡನ್‌ಗಿರಿಯ ಇಳಿಜಾರುಗಳಿಂದ ಮೂಡಿಗೆರೆಯವರೆಗೆ, ಅಲ್ಲಿಂದ ಭದ್ರೆಯ ದಡದ ಕಳಸದವರೆಗೆ ತೋಟಗಳು ಹಬ್ಬಿವೆ. ತೋಟಗಳ ನಡುವೆ ಮಾಲೀಕರ ಬಂಗಲೆಗಳು, ಕೂಲಿಗಳ ಲೈನ್‌ಮನೆಗಳು. ಕಣಿವೆಗಳಲ್ಲಿ ಭತ್ತದ ಗದ್ದೆಗಳು. ಘಟ್ಟದ ಆಚೆ ಪೂರ್ವಕ್ಕೆ ಮಳೆ ಕಡಮೆಯಾದ ಬಯಲು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಗದ್ದೆಯ ಗೇಣಿದಾರನಿಗೆ ಉತ್ತ ಭೂಮಿಯ ಹಕ್ಕು ದೊರೆಯುವಂತಾಯಿತು. ಕಾಫಿ, ಏಲಕ್ಕಿ, ಮೆಣಸಿನ ತೋಟಗಳನ್ನು ಕಾನೂನು ಹೊರಗಿಟ್ಟಿದ್ದರಿಂದ ತೋಟದ ಆಳಿಗೆ ಭೂಮಿ ಬರಲಿಲ್ಲ. ಆದರೆ ನಿವೇಶನ, ಸಾಲಪರಿಹಾರ, ಜೀತವಿಮುಕ್ತಿ ಎಂಬ ಮಾತುಗಳು ಆತನ ಲೈನ್‌ಮನೆಯ ಬಾಗಿಲಿಗೂ ಬಂದಿದ್ದವು. ದೆಹಲಿಯಲ್ಲಿ ತುರ್ತುಪರಿಸ್ಥಿತಿ ಎಂದರೆ ಸೆರೆಮನೆ ಮತ್ತು ಸೆನ್ಸಾರ್. ಮಲೆನಾಡಿನ ಅನೇಕ ಬಡವರಿಗೆ ಅದೇ ವರ್ಷಗಳು ಸಾಲದ ಪತ್ರ ಹರಿದ ವರ್ಷಗಳಾಗಿದ್ದವು. ಎರಡು ಅನುಭವಗಳೂ ಸುಳ್ಳಲ್ಲ. ಒಬ್ಬರ ಅನುಭವವನ್ನು ಇನ್ನೊಬ್ಬರು ಅಜ್ಞಾನವೆಂದು ತಳ್ಳಿಹಾಕಿದ್ದರಿಂದಲೇ ಆ ಚುನಾವಣೆಯಲ್ಲಿ ಅಷ್ಟೊಂದು ಕಾವು ಏರಿತು.

ನಮ್ಮ ಸಂವಿಧಾನದಲ್ಲಿ ಜನಮತಗಣನೆಗೆ ವಿಧಿಯಿಲ್ಲ. 1967ರ ಜನವರಿಯಲ್ಲಿ, ಮಹಾರಾಷ್ಟ್ರದಲ್ಲಿ ವಿಲೀನವಾಗಬೇಕೇ ಬೇಡವೇ ಎಂದು ಗೋವಾದ ಜನರನ್ನು ಕೇಳಬೇಕಾದಾಗ ಪಾರ್ಲಿಮೆಂಟು ಅದಕ್ಕೆಂದೇ ಪ್ರತ್ಯೇಕ ಕಾಯಿದೆ ಮಾಡಬೇಕಾಯಿತು. ಜನಮತಗಣನೆಯ ರೂಢಿಯಿಲ್ಲದ ದೇಶದಲ್ಲಿ ಕೆಲವು ಉಪಚುನಾವಣೆಗಳೇ ಆ ಕೆಲಸಕ್ಕೆ ಒದಗುತ್ತವೆ. ಚಿಕ್ಕಮಗಳೂರಿನಲ್ಲಿ ಎರಡು ಪಕ್ಷಗಳೂ ಕೇಳಿದ್ದು ಒಂದೇ ಪ್ರಶ್ನೆ: ತುರ್ತುಪರಿಸ್ಥಿತಿಯ ನಾಯಕಿಗೆ ಕ್ಷಮೆಯುಂಟೇ, ಇಲ್ಲವೇ? ಕ್ಷೇತ್ರದ ರಸ್ತೆ, ಸೇತುವೆ, ಆಸ್ಪತ್ರೆಗಳ ಮಾತು ಹಿಂದೆ ಸರಿಯಿತು.

ಉತ್ತರ ಸ್ಪಷ್ಟವಾಗಿಯೇ ಬಂತು. ಇಂದಿರಾ ಗಾಂಧಿಯವರು 77 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ವೀರೇಂದ್ರ ಪಾಟೀಲರಿಗೂ 1 ಲಕ್ಷ 70 ಸಾವಿರಕ್ಕೂ ಮಿಕ್ಕಿ ಮತಗಳು ಬಂದಿದ್ದವು. ಬೆಟ್ಟದ ಜನ ಒಕ್ಕೊರಲಿನಿಂದ ಮಾತನಾಡಿದರೆಂಬುದು ಸರಿಯಲ್ಲ. ಮಾತನಾಡಿದವರಲ್ಲಿ ಹೆಚ್ಚಿನವರು ಯಾವ ಕಡೆಗಿದ್ದರೆಂಬುದರಲ್ಲಿ ಮಾತ್ರ ಸಂದೇಹಕ್ಕೆ ಎಡೆಯಿರಲಿಲ್ಲ.

ಸಭೆಯ ತೀರ್ಮಾನ

ನವೆಂಬರ್ ಮೂರನೆಯ ವಾರದಲ್ಲಿ ಹೊಸ ಸದಸ್ಯೆ ಲೋಕಸಭೆಯಲ್ಲಿ ಕುಳಿತರು. ಅದೇ ಹೊತ್ತಿಗೆ ಹಕ್ಕುಬಾಧ್ಯತೆಗಳ ಸಮಿತಿಯ ವರದಿಯೂ ಸಭೆಯ ಮುಂದೆ ಬಂತು. ದೂರು 1975ರದು. ಮಾರುತಿ ಲಿಮಿಟೆಡ್ ಕಂಪೆನಿಯನ್ನು ಕುರಿತು ಲೋಕಸಭೆಯಲ್ಲಿ ಒಂದು ಪ್ರಶ್ನೆ ಬಂದಿತ್ತು. ಅದಕ್ಕೆ ಉತ್ತರ ಒದಗಿಸಲು ನಾಲ್ವರು ಸರ್ಕಾರಿ ಅಧಿಕಾರಿಗಳು ಮಾಹಿತಿ ಕಲೆಹಾಕುತ್ತಿದ್ದರು. ಆ ಕೆಲಸ ಮಾಡಿದ್ದಕ್ಕಾಗಿಯೇ ಅವರಿಗೆ ಅಡ್ಡಿ, ಬೆದರಿಕೆ, ಕಿರುಕುಳಗಳಾದುವೆಂದೂ, ಅದರ ಹೊಣೆ ಅಂದಿನ ಪ್ರಧಾನಿಯದೆಂದೂ ಸಮಿತಿ ಹೇಳಿತು.

ಆರೋಪ ಹಗುರವಾದುದಲ್ಲ. ಮಂತ್ರಿಯನ್ನು ಪ್ರಶ್ನಿಸುವ ಹಕ್ಕೇ ಸದಸ್ಯನ ಮುಖ್ಯ ಆಯುಧ. ಉತ್ತರಕ್ಕಾಗಿ ಕಡತ ತೆಗೆದ ಗುಮಾಸ್ತನ ಮನೆಗೆ ಪೋಲೀಸರು ಬರುವಂತಾದರೆ ಆ ಹಕ್ಕು ಕಾಗದದ ಮೇಲಷ್ಟೇ ಉಳಿದೀತು. ಸಂಬಳ ನೆಚ್ಚಿ ಸಂಸಾರ ನಡೆಸುವ ಅಧಿಕಾರಿ ಕರ್ತವ್ಯ ಮಾಡಿದ್ದಕ್ಕೆ ಕಷ್ಟಪಟ್ಟನೆಂದರೆ, ಆತನ ಪರವಾಗಿ ಸಭೆ ನಿಲ್ಲದೆ ಇನ್ನಾರು ನಿಲ್ಲಬೇಕು? ಜನತಾ ಪಕ್ಷದ ಸದಸ್ಯರ ಸಿಟ್ಟಿನಲ್ಲಿ ಹಗೆಯೂ ಇತ್ತು. ಹಗೆಯಲ್ಲದ ಈ ನ್ಯಾಯವೂ ಇತ್ತು.

ಚರ್ಚೆ ದೀರ್ಘವಾಗಿ ನಡೆಯಿತು. ಪ್ರಧಾನಿ ಶ್ರೀ ಮೊರಾರ್ಜಿ ದೇಸಾಯಿಯವರು ಗೊತ್ತುವಳಿ ಮಂಡಿಸಿದರು. ಸ್ಪೀಕರ್ ಪೀಠದಲ್ಲಿದ್ದವರು, ಕರ್ನಾಟಕದಿಂದ ಜನತಾ ಪಕ್ಷಕ್ಕೆ ಗೆದ್ದ ಆ ಇಬ್ಬರಲ್ಲಿ ಒಬ್ಬರಾದ ಕೆ. ಎಸ್. ಹೆಗ್ಡೆಯವರು. ಡಿಸೆಂಬರ್ 19ರಂದು ಗೊತ್ತುವಳಿಯ ಪರ 279 ಮತ, ವಿರುದ್ಧ 138 ಮತ. 37 ಮಂದಿ ತಟಸ್ಥರು. ಅಧಿವೇಶನ ಮುಗಿಯುವವರೆಗೆ ಸೆರೆವಾಸ, ಅದರ ಜೊತೆಗೆ ಸದಸ್ಯತ್ವದಿಂದ ಉಚ್ಚಾಟನೆ, ಇದು ಶಿಕ್ಷೆ. ಆ ರಾತ್ರಿ ಚಿಕ್ಕಮಗಳೂರಿನ ಪ್ರತಿನಿಧಿ ತಿಹಾರ್ ಸೆರೆಮನೆಗೆ ಹೋದರು. ಡಿಸೆಂಬರ್ 26ರಂದು ಅಧಿವೇಶನ ಮುಗಿದೊಡನೆ ಹೊರಬಂದರು. ನಡುವೆ, 20ನೆಯ ತಾರೀಕು, ಇಬ್ಬರು ಯುವಕರು ಆಟದ ಪಿಸ್ತೂಲು ತೋರಿಸಿ ಇಂಡಿಯನ್ ಏರ್‌ಲೈನ್ಸ್ ವಿಮಾನವನ್ನು ವಾರಾಣಸಿಗೆ ತಿರುಗಿಸಿ ಆಕೆಯ ಬಿಡುಗಡೆಯನ್ನು ಕೇಳಿದರು. ಸಭೆಯ ಮಾತಿಗೆ ಬೀದಿಯ ಉತ್ತರ ಎಂಥ ರೂಪ ತಾಳಬಹುದೆಂಬುದಕ್ಕೆ ಅದೊಂದು ಎಚ್ಚರಿಕೆ.

ಯಾರಿಗಾಯಿತು ಶಿಕ್ಷೆ?

ಸೆರೆವಾಸ ಒಬ್ಬ ವ್ಯಕ್ತಿಗಾದ ಶಿಕ್ಷೆ. ಉಚ್ಚಾಟನೆ ಹಾಗಲ್ಲ. ಸದಸ್ಯೆ ಹೊರಬಿದ್ದ ಕ್ಷಣದಿಂದ ಒಂದು ಕ್ಷೇತ್ರದ ಸ್ಥಾನ ಬರಿದಾಯಿತು. ವೀರೇಂದ್ರ ಪಾಟೀಲರಿಗೆ ಮತ ಕೊಟ್ಟವರಿಗೂ ಸದನದಲ್ಲಿ ದನಿಯಿಲ್ಲದಂತಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ, ತಪ್ಪು ಯಾರದಿದ್ದರೂ ಬರೆ ಬಿದ್ದದ್ದು ಮತದಾರನ ಮೇಲೆ.

ನವೆಂಬರ್-ಡಿಸೆಂಬರ್ ಕಾಫಿಯ ಕೊಯ್ಲಿನ ಕಾಲ. ಹಣ್ಣು ಕೊಯ್ದ ಹೆಣ್ಣಾಳು ಸಂಜೆ ಚೀಲ ಹೊತ್ತು ತಂದು ತೂಕಕ್ಕಿಡುತ್ತಾಳೆ. ತೋಟದ ರೈಟರ್ ಅದನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ಆಕೆ ಕೊಯ್ದ ಸಾಲಿನ ಗಿಡಕ್ಕೆ ರೋಗವಿತ್ತೆಂದು ಮರುದಿನ ಆಕೆಯ ಲೆಕ್ಕವನ್ನೇ ಹೊಡೆದುಹಾಕಿದರೆ ಆಕೆ ಏನೆನ್ನುತ್ತಾಳೆ? ಗಿಡಕ್ಕೆ ಔಷಧಿ ಹೊಡೆಯಿರಿ, ಬೇಕಾದರೆ ಕಡಿಯಿರಿ, ನನ್ನ ದುಡಿಮೆಯ ಲೆಕ್ಕ ಮುಟ್ಟಬೇಡಿ ಎನ್ನುತ್ತಾಳೆ. ಮತದಾರನ ಅಹವಾಲೂ ಅಷ್ಟೇ.

ಇನ್ನೊಂದು ಮಗ್ಗುಲನ್ನೂ ನೋಡಬೇಕು. 77 ಸಾವಿರ ಮತಗಳ ಮುನ್ನಡೆ ಸಿಕ್ಕಿತೆಂದ ಮಾತ್ರಕ್ಕೆ 1975ರಲ್ಲಿ ಆ ನಾಲ್ವರು ಅಧಿಕಾರಿಗಳಿಗೆ ಆದದ್ದು ಆಗಲಿಲ್ಲವೆಂದಾಗುವುದೇ? ಸ್ನೇಹಲತಾ ರೆಡ್ಡಿಯವರ ಸಾವಿಗೆ ಕಳಸದ ಮತಪೆಟ್ಟಿಗೆಯಲ್ಲಿ ಉತ್ತರವಿದ್ದೀತೇ? ಮತದಾರನು ಯಾರನ್ನು ಕಳುಹಿಸಬೇಕೆಂದು ಹೇಳಬಲ್ಲ. ಆ ವ್ಯಕ್ತಿ ನಿರಪರಾಧಿಯೆಂದು ಸಾರಲು ಮಾತ್ರ ಆತನು ನ್ಯಾಯಾಧೀಶನಲ್ಲ. ಸಾಕ್ಷ್ಯ ಕೇಳದೆ, ಪಾಟೀಸವಾಲು ಇಲ್ಲದೆ ಬಿದ್ದ ಮತವನ್ನು ಖುಲಾಸೆಯ ತೀರ್ಪೆಂದು ಬೀಗಿದ್ದು ಒಂದು ತಪ್ಪು. ಅದೇ ರೀತಿ ಪಕ್ಷಗಳ ಬಲಾಬಲದಂತೆ ಬಿದ್ದ 279 ಮತಗಳನ್ನು ಅಪರಾಧದ ತೀರ್ಪೆಂದು ಕರೆದದ್ದು ಮತ್ತೊಂದು ತಪ್ಪು. ನ್ಯಾಯಾಲಯದಲ್ಲಿ ನಡೆಯಬೇಕಾದ ವಿಚಾರಣೆಯನ್ನು ಒಮ್ಮೆ ಮೂಡಿಗೆರೆಯ ಮತಗಟ್ಟೆಗೂ ಇನ್ನೊಮ್ಮೆ ದೆಹಲಿಯ ಸಭಾಂಗಣಕ್ಕೂ ಹೊತ್ತೊಯ್ದುದರಿಂದ ಎರಡು ಕಡೆಯೂ ಅದು ನ್ಯಾಯವಾಗಲಿಲ್ಲ.

ತುರ್ತುಪರಿಸ್ಥಿತಿಯ ಅತಿರೇಕಗಳನ್ನು ವಿಚಾರಿಸಿದ ಶಾ ಆಯೋಗ 1978ರ ಆಗಸ್ಟಿನಲ್ಲಿಯೇ ತನ್ನ ಕೊನೆಯ ವರದಿಯನ್ನು ಒಪ್ಪಿಸಿತ್ತು. ಕೋರ್ಟಿನ ದಾರಿ ತೆರೆದೇ ಇತ್ತು. ಆದರೆ ಅದು ನಿಧಾನದ ದಾರಿ. ಸಭೆಯ ದಾರಿ ಹತ್ತಿರದ್ದು. ರಾಜಕಾರಣಿಗಳು ಹತ್ತಿರದ ದಾರಿಯನ್ನೇ ಹಿಡಿದರು.

ಎರವಲು ತಂದ ಅಧಿಕಾರ

ಸದಸ್ಯನನ್ನು ಉಚ್ಚಾಟಿಸುವ ಅಧಿಕಾರ ಲೋಕಸಭೆಗೆ ಎಲ್ಲಿಂದ ಬಂತು? ಸಂವಿಧಾನದ 105ನೆಯ ವಿಧಿ, ಪಾರ್ಲಿಮೆಂಟು ತನ್ನದೇ ಕಾನೂನು ಮಾಡುವವರೆಗೆ ಬ್ರಿಟನ್ನಿನ ಕಾಮನ್ಸ್ ಸಭೆಗೆ ಇದ್ದ ಹಕ್ಕುಗಳೇ ನಮ್ಮ ಸಭೆಗೂ ಇರತಕ್ಕದ್ದೆಂದು ಮೊದಲು ಹೇಳಿತ್ತು. ಆ ಎರವಲಿನ ಜೊತೆಯಲ್ಲಿ ಕಾಮನ್ಸ್ ಸಭೆಯ ಒಂದು ಪಶ್ಚಾತ್ತಾಪವೂ ಬರಬೇಕಾಗಿತ್ತು.

1769ರ ಮಾತು. ಮಿಡ್ಲ್‌ಸೆಕ್ಸ್ ಪ್ರಾಂತದ ಮತದಾರರು ಜಾನ್ ವಿಲ್ಕ್ಸ್ ಎಂಬ ಪತ್ರಕರ್ತನನ್ನು ಆರಿಸಿದ್ದರು. ಆತ ರಾಜನಿಗೂ ಮಂತ್ರಿಗಳಿಗೂ ಬೇಡವಾದವನು, ನಡತೆಯಲ್ಲೂ ನಿಷ್ಕಳಂಕನಲ್ಲ. ಕಾಮನ್ಸ್ ಸಭೆ ಆತನನ್ನು ಉಚ್ಚಾಟಿಸಿತು. ಮತದಾರರು ಮತ್ತೆ ಆತನನ್ನೇ ಆರಿಸಿದರು. ಸಭೆ ಆಯ್ಕೆಯನ್ನು ರದ್ದು ಮಾಡಿತು. ಇನ್ನೊಮ್ಮೆ ಆರಿಸಿದರು, ಸಭೆ ಮತ್ತೆ ರದ್ದು ಮಾಡಿತು. ಮುಂದಿನ ಬಾರಿ ವಿಲ್ಕ್ಸನಿಗೆ 1,143 ಮತ, ಎದುರಾಳಿ ಲಟ್ರೆಲ್‌ಗೆ 296. ಸಭೆ 296 ಪಡೆದವನೇ ಗೆದ್ದನೆಂದು ಸಾರಿ ಅವನನ್ನು ಕೂರಿಸಿತು! 13 ವರ್ಷಗಳ ನಂತರ, 1782ರಲ್ಲಿ, ಅದೇ ಕಾಮನ್ಸ್ ಸಭೆ ತನ್ನ ಆ ನಿರ್ಣಯವನ್ನು ಕಡತದಿಂದಲೇ ಅಳಿಸಿಹಾಕಿತು. ವಿಲ್ಕ್ಸ್ ಒಳ್ಳೆಯವನೇ ಎಂಬುದು ಅಲ್ಲಿ ಪ್ರಶ್ನೆಯಾಗಿರಲಿಲ್ಲ. ಮಿಡ್ಲ್‌ಸೆಕ್ಸಿನ ಮತದಾರನ ಹಕ್ಕು ಮಂತ್ರಿಮಂಡಲದ ಬಹುಮತಕ್ಕೆ ಅಡಿಯಾಳೇ ಎಂಬುದಷ್ಟೇ ಪ್ರಶ್ನೆಯಾಗಿತ್ತು.

ಭಾರತದಲ್ಲಿಯೂ ಈ ಕತ್ತಿಗೆ ಎರಡು ಅಲಗು. ತುರ್ತುಪರಿಸ್ಥಿತಿಯ ನಡುವೆ, 1976ರ ನವೆಂಬರಿನಲ್ಲಿ, ರಾಜ್ಯಸಭೆ ಸರ್ಕಾರದ ಕಟು ಟೀಕಾಕಾರರಾಗಿದ್ದ ಶ್ರೀ ಸುಬ್ರಹ್ಮಣ್ಯಂ ಸ್ವಾಮಿಯವರನ್ನು ಉಚ್ಚಾಟಿಸಿತ್ತು. ಅಂದು ಕೈಯೆತ್ತಿದ ಕಾಂಗ್ರೆಸ್ ಎರಡು ವರ್ಷಗಳ ನಂತರ ಅದೇ ಕತ್ತಿಯ ಏಟನ್ನು ತಾನೇ ತಿಂದಿತು.

ಕಟ್ಟಿಹೋದ ಸಭೆ

ಉಚ್ಚಾಟನೆಯಿಂದ ಜನತಾ ಸರ್ಕಾರಕ್ಕೆ ಬಲ ಬಂತೇ? ಏಳು ತಿಂಗಳೂ ತುಂಬುವ ಮೊದಲೇ ಅದು ಕುಸಿಯಿತು. 1979ರ ಜುಲೈ 15ರಂದು ಮೊರಾರ್ಜಿಯವರು ರಾಜೀನಾಮೆ ಕೊಟ್ಟರು. ಜುಲೈ 28ರಂದು ಶ್ರೀ ಚರಣಸಿಂಗರು ಪ್ರಧಾನಿಯಾದರು. ಅವರ ಬಹುಮತ ಇಂದಿರಾ ಕಾಂಗ್ರೆಸ್ಸಿನ ಬೆಂಬಲವನ್ನು ನೆಚ್ಚಿಕೊಂಡಿತ್ತು. ಲೋಕಸಭೆಯಿಂದ ಹೊರಹಾಕಲ್ಪಟ್ಟ ನಾಯಕಿಯ ಕೈಯಲ್ಲೇ ಆ ಲೋಕಸಭೆಯ ಕೀಲಿಕೈ! ಬೆಂಬಲ ಹಿಂತೆಗೆಯಿತು. ಆಗಸ್ಟ್ 20ರಂದು, ವಿಶ್ವಾಸಮತ ಕೇಳಬೇಕಾಗಿದ್ದ ದಿನವೇ, ಚರಣಸಿಂಗರು ಸಭೆಯನ್ನು ಎದುರಿಸದೆ ರಾಜೀನಾಮೆ ಇತ್ತರು. ಎರಡು ದಿನಗಳಲ್ಲಿ ರಾಷ್ಟ್ರಪತಿ ಶ್ರೀ ನೀಲಂ ಸಂಜೀವ ರೆಡ್ಡಿಯವರು ಲೋಕಸಭೆಯನ್ನು ವಿಸರ್ಜಿಸಿದರು. ಒಬ್ಬ ಸದಸ್ಯೆಯನ್ನು ಹೊರಹಾಕಲು 279 ಮತ ಕೂಡಿಸಿದ ಸಭೆಗೆ ಒಂದು ಸರ್ಕಾರವನ್ನು ಉಳಿಸುವಷ್ಟು ಮತ ಕೂಡಿಸಲಾಗಲಿಲ್ಲ. ಮಧ್ಯಂತರ ಚುನಾವಣೆಯವರೆಗೆ ದೇಶವನ್ನು ಕಾದದ್ದು, ಸಭೆಯ ವಿಶ್ವಾಸವನ್ನು ಒಂದು ದಿನವೂ ಪಡೆಯದ ಉಸ್ತುವಾರಿ ಸರ್ಕಾರ.

ಅಷ್ಟರಲ್ಲಿ ಕರ್ನಾಟಕದ ಚದುರಂಗದ ಕಾಯಿಗಳೂ ಸ್ಥಾನ ಬದಲಿಸಿದ್ದವು. ಇಂದಿರಾ ಗಾಂಧಿಯವರನ್ನು ಗೆಲ್ಲಿಸಲು ದುಡಿದ ಅರಸರು 1979ರಲ್ಲಿ ಅವರಿಂದಲೇ ದೂರವಾದರು. ಅವರ ಎದುರು ಸೋತಿದ್ದ ವೀರೇಂದ್ರ ಪಾಟೀಲರು ಅವರ ಪಕ್ಷವನ್ನೇ ಸೇರಿ, ಮುಂದೆ 1989ರಲ್ಲಿ ಆ ಪಕ್ಷದಿಂದ ಮತ್ತೊಮ್ಮೆ ಮುಖ್ಯಮಂತ್ರಿಯಾದರು. ಸ್ಥಾನ ಬಿಟ್ಟುಕೊಟ್ಟ ಚಂದ್ರೇಗೌಡರು 1983ರಲ್ಲಿ ಜನತಾ ಸರ್ಕಾರದ ಕಾಲದಲ್ಲಿ ವಿಧಾನಸಭೆಯ ಸ್ಪೀಕರಾದರು. ನಾಯಕರಿಗೆ ದಾರಿಗಳು ಹಲವು. ಮತ ಕೊಟ್ಟವರು ಮಾತ್ರ ಇದ್ದಲ್ಲೇ ಇದ್ದರು.

1980ರ ಜನವರಿಯಲ್ಲಿ ಇಂದಿರಾ ಕಾಂಗ್ರೆಸ್ 353 ಸ್ಥಾನಗಳೊಡನೆ ಮರಳಿತು. ಕರ್ನಾಟಕದಲ್ಲಿ 28ರಲ್ಲಿ 27 ಅದರ ಪಾಲಾದುವು. ನಾಯಕಿ ಸ್ಪರ್ಧಿಸಿದ್ದು ರಾಯ್‌ಬರೇಲಿಯಲ್ಲಿ ಮತ್ತು ಆಂಧ್ರದ ಮೇದಕ್‌ನಲ್ಲಿ. ಕಷ್ಟಕಾಲದಲ್ಲಿ ಕೈಹಿಡಿದ ಬೆಟ್ಟದ ಕ್ಷೇತ್ರಕ್ಕೆ ಆಕೆ ಅಭ್ಯರ್ಥಿಯಾಗಿ ಮತ್ತೆ ಬರಲಿಲ್ಲ. ಉಪಚುನಾವಣೆಯನ್ನು ದೇಶದ ಪ್ರಶ್ನೆಗೆ ಮುಡಿಪಾಗಿಟ್ಟ ಕ್ಷೇತ್ರಗಳು ತೆರುವ ಬೆಲೆ ಇದು. ದೊಡ್ಡ ಪ್ರಶ್ನೆ ತೀರಿದ ಮೇಲೆ ಸಣ್ಣ ಊರು ನೆನಪಾಗುವುದಿಲ್ಲ.

1981ರ ಮೇ 7ರಂದು ಏಳನೆಯ ಲೋಕಸಭೆ 1978ರ ನಿರ್ಣಯವನ್ನು ರದ್ದುಗೊಳಿಸಿತು. ಮಿಡ್ಲ್‌ಸೆಕ್ಸಿಗೆ 1782ರಲ್ಲಿ ದೊರೆತ ನ್ಯಾಯ ಚಿಕ್ಕಮಗಳೂರಿಗೂ ದೊರೆಯಿತೆಂದು ಸಂತೋಷಪಡಬಹುದಾಗಿತ್ತು. ಆದರೆ ರದ್ದು ಮಾಡಿದ ಸಭೆಯಲ್ಲಿ ಬಹುಮತ ಯಾರದು? ಉಚ್ಚಾಟಿತ ಸದಸ್ಯೆಯದೇ. ಹಿಂದಿನ ಸಭೆ ತನ್ನ ಬಲದಿಂದ ಬರೆದುದನ್ನು ಮುಂದಿನ ಸಭೆ ತನ್ನ ಬಲದಿಂದ ಅಳಿಸಿತು. ಗೆದ್ದವರ ಕೈಯ ಸೀಮೆಸುಣ್ಣ, ಗೆದ್ದವರ ಕೈಯ ಬಟ್ಟೆ. ಮತದಾರನ ಹಕ್ಕು ಯಾವುದೆಂಬ ಪ್ರಶ್ನೆ ಹಲಗೆಯ ಮೇಲೆ ಹಾಗೆಯೇ ಉಳಿಯಿತು.

ಇಂದಿಗೂ ಉಳಿದ ಪಾಠ

ಇದು ಭಾರತಕ್ಕೆ ಮಾತ್ರ ಬಂದ ಇಕ್ಕಟ್ಟೂ ಅಲ್ಲ. 2016ರ ಜೂನ್ 23ರಂದು ಬ್ರಿಟನ್ನಿನ ಜನ, ಐರೋಪ್ಯ ಒಕ್ಕೂಟದಿಂದ ಹೊರಬರಬೇಕೆಂದು ಶೇಕಡ 51.9ರಷ್ಟು ಮತದಿಂದ ಹೇಳಿದರು. ಹೊರಬರಬೇಕೆಂದರು, ಹೇಗೆಂದು ಹೇಳಲಿಲ್ಲ. ಪಾರ್ಲಿಮೆಂಟು ಸರ್ಕಾರದ ಒಪ್ಪಂದವನ್ನು 2019ರಲ್ಲಿ ಮೂರು ಬಾರಿ ತಿರಸ್ಕರಿಸಿತು. ಸಿಕ್ಕು ಬಿಡಿಸಲಾಗದೆ ಪ್ರಧಾನಿ ಸಭೆಯ ಅಧಿವೇಶನವನ್ನೇ ಮೊಟಕು ಮಾಡಿಸಿದರು. ಸೆಪ್ಟೆಂಬರ್ 24ರಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಅದು ಕಾನೂನುಬಾಹಿರವೆಂದಿತು. ಕೊನೆಗೆ ಗಂಟು ಬಿಚ್ಚಿದ್ದು ಡಿಸೆಂಬರಿನ ಮಹಾಚುನಾವಣೆಯಲ್ಲಿ. ಅಂದರೆ ಮತ್ತೆ ಮತದಾರನ ಕೈಯಲ್ಲಿ.

ನಮ್ಮಲ್ಲಿಯೂ ಕಾನೂನು ಸ್ವಲ್ಪ ಮುಂದೆ ಬಂದಿದೆ. ತೆರವಾದ ಸ್ಥಾನಕ್ಕೆ ಸಾಮಾನ್ಯವಾಗಿ ಆರು ತಿಂಗಳೊಳಗೆ ಚುನಾವಣೆಯಾಗಬೇಕೆಂದು 1996ರಲ್ಲಿ ಜನಪ್ರತಿನಿಧಿ ಕಾಯಿದೆಗೆ ತಿದ್ದುಪಡಿಯಾಯಿತು. 1978ರಲ್ಲಿ ಅಂಥ ಗಡುವು ಇರಲಿಲ್ಲ. 2005ರ ಡಿಸೆಂಬರಿನಲ್ಲಿ, ಪ್ರಶ್ನೆ ಕೇಳಲು ಹಣ ಪಡೆದರೆಂದು ಲೋಕಸಭೆಯ 10 ಮಂದಿಯೂ ರಾಜ್ಯಸಭೆಯ ಒಬ್ಬರೂ ಉಚ್ಚಾಟಿತರಾದರು. 2007ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆ ಅಧಿಕಾರ ಸಭೆಗೆ ಉಂಟೆಂದು ಎತ್ತಿಹಿಡಿಯಿತು. ಆದರೆ ಅದರ ಬಳಕೆಯನ್ನು ನ್ಯಾಯಾಲಯ ಪರಿಶೀಲಿಸಬಹುದೆಂದೂ ಸೇರಿಸಿತು. 2023ರ ಡಿಸೆಂಬರ್ 8ರಂದು ಲೋಕಸಭೆಯಿಂದ ಉಚ್ಚಾಟಿತರಾದ ಶ್ರೀಮತಿ ಮಹುವಾ ಮೊಯಿತ್ರಾ ಅವರನ್ನು 2024ರಲ್ಲಿ ಕೃಷ್ಣನಗರದ ಮತದಾರರು ಮರಳಿ ಆರಿಸಿದರು. ಉಚ್ಚಾಟನೆ ಅನರ್ಹತೆಯಲ್ಲ, ಬಾಗಿಲು ಮುಚ್ಚುವ ಹಕ್ಕು ಸಭೆಗಿದ್ದರೆ ತೆರೆಯುವ ಹಕ್ಕು ಮತದಾರನಿಗಿದೆ.

ಆದರೆ ಕಾನೂನು ಮಿತಿಯನ್ನು ಹೇಳಬಲ್ಲುದೇ ಹೊರತು ಸಂಯಮವನ್ನು ಕಲಿಸಲಾರದು. ಸಭೆಗೆ ತನ್ನ ಗೌರವ ಕಾಯ್ದುಕೊಳ್ಳಲು ಛೀಮಾರಿಯುಂಟು, ಅಮಾನತು ಉಂಟು. ಅಪರಾಧವಾಗಿದ್ದರೆ ಕೋರ್ಟು ಉಂಟು. ಇವೆಲ್ಲ ಇರುವಾಗ ಮತದಾರನ ತಕ್ಕಡಿಗೆ ಕೈಹಾಕುವುದು ಕೊನೆಯ ಉಪಾಯವಾಗಬೇಕು, ಮೊದಲನೆಯದಲ್ಲ. ಕೈಹಾಕಲೇಬೇಕಾಗಿ ಬಂದರೂ, ತನ್ನ ಪಕ್ಷದವರೇ ಆ ಸ್ಥಾನದಲ್ಲಿದ್ದರೆ ಹೀಗೆಯೇ ಮಾಡುತ್ತಿದ್ದೆನೇ ಎಂದು ಕೈಯೆತ್ತುವ ಪ್ರತಿಯೊಬ್ಬ ಸದಸ್ಯನೂ ತನ್ನನ್ನು ಕೇಳಿಕೊಳ್ಳಬೇಕು. ಗೆದ್ದ ಅಭ್ಯರ್ಥಿಯೂ ಜನರ ಮತವನ್ನು ದೋಷಪರಿಹಾರದ ತೀರ್ಥವೆಂದು ತಲೆಯ ಮೇಲೆ ಪ್ರೋಕ್ಷಿಸಿಕೊಳ್ಳಬಾರದು.

2008ರ ಕ್ಷೇತ್ರ ಪುನರ್ವಿಂಗಡಣೆಯೊಡನೆ ಚಿಕ್ಕಮಗಳೂರು ಎಂಬ ಹೆಸರೊಂದೇ ಹೊತ್ತ ಲೋಕಸಭಾ ಕ್ಷೇತ್ರ ಇಲ್ಲವಾಯಿತು. ಚಿಕ್ಕಮಗಳೂರು, ಮೂಡಿಗೆರೆ, ಶೃಂಗೇರಿಗಳು ಘಟ್ಟದ ಕೆಳಗಿನ ಉಡುಪಿಯೊಡನೆ ಸೇರಿದವು. ಕಡೂರು ಹಾಸನಕ್ಕೆ ಹೋಯಿತು. ಅಂದು ಮೂಡಿಗೆರೆ ತಾಲೂಕಿನ ಒಂದು ಹೋಬಳಿಯಾಗಿದ್ದ ಕಳಸ ಇಂದು ತಾನೇ ಒಂದು ತಾಲೂಕು. 1978ರ ನವೆಂಬರಿನಲ್ಲಿ ಮೊದಲ ಬಾರಿಗೆ ಮತ ಹಾಕಿದ ಯುವಕ-ಯುವತಿಯರು ಈಗ ಮೊಮ್ಮಕ್ಕಳ ಮತದಾರರ ಚೀಟಿ ನೋಡುವ ವಯಸ್ಸಿನವರು. ಅವರು ಕೊಟ್ಟ ಮತ ಸರಿಯೋ ತಪ್ಪೋ ಎಂದು ಇನ್ನೂ ವಾದಿಸಬಹುದು. ಅದನ್ನು ಕೊಡುವ ಹಕ್ಕು ಅವರದಾಗಿತ್ತೆಂಬುದನ್ನೂ, ಅದು 44 ದಿನಕ್ಕೆ ಬರಿದಾದದ್ದು ಅವರ ತಪ್ಪಿನಿಂದಲ್ಲವೆಂಬುದನ್ನೂ ಯಾವ ಪಕ್ಷದವರೂ ಅಲ್ಲಗಳೆಯಲಾರರು.